ಧಾರೆಯ ದಿನದ ರವಿಕೆ: ಮದುವಣಗಿತ್ತಿಯರಿಗೆ ಒಂದು ಬಹಿರಂಗ ಪತ್ರ

ಮುಂದಿನ ಮುಹೂರ್ತಗಳಲ್ಲಿ ಹಸೆಮಣೆ ಏರಲಿರುವ ಹೆಣ್ಣುಮಕ್ಕಳೇ,

ಧಾರೆ ಸೀರೆ ಆರಿಸಲು ಮನೆಮಂದಿಯೆಲ್ಲ ಹೊರಡುತ್ತಾರೆ. ಕಂಚಿಯೋ, ಮೊಳಕಾಲ್ಮೂರೋ, ಮೈಸೂರು ರೇಷ್ಮೆಯೋ ಎಂಬ ವಾದ ಅಂಗಡಿಯಿಂದ ಅಂಗಡಿಗೆ ಸಾಗಿ ಕೊನೆಗೊಂದು ಸೀರೆ ಎಲ್ಲರಿಗೂ ಒಪ್ಪಿಗೆಯಾಗುತ್ತದೆ. ಅದರ ತುದಿಗೆ ಸೇರಿಕೊಂಡು ಬಂದ ಸುಮಾರು 80 ಸೆಂಟಿಮೀಟರ್ ರವಿಕೆ ಬಟ್ಟೆಯನ್ನು ಕತ್ತರಿಸಿ, ಜೊತೆಗೊಂದು ಹಳೆಯ ಅಳತೆ ಬ್ಲೌಸು ಇಟ್ಟು ಟೇಲರ್ ಕೈಗೆ ಕೊಟ್ಟು ಬಂದರೆ ಅಲ್ಲಿಗೆ ಆ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ನಾನು ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ: ಆ 80 ಸೆಂಟಿಮೀಟರನ್ನು ಬಿಟ್ಟುಕೊಡಬೇಡಿ. ಧಾರೆಯ ಹೊತ್ತಿಗೆ ತೊಡುವ ರವಿಕೆಯನ್ನು ಮನೆಯಲ್ಲೇ, ನೀವೇ ಹೊಲಿದುಕೊಳ್ಳಿ. ಹಣ ಉಳಿಯುತ್ತದೆ, ನಿಜ. ಆದರೆ ಆ ಕಾರಣ ಮುಂದಿಟ್ಟು ನಿಮ್ಮನ್ನು ಒಪ್ಪಿಸಲು ಹೊರಟರೆ ಛತ್ರದ ಬಾಡಿಗೆ ಕೊಟ್ಟು ಬಂದವರು ನಕ್ಕಾರು. ನನ್ನ ಕಾರಣ ಬೇರೆ. ಹೊಲಿಗೆ ಎಲ್ಲೆಲ್ಲಿ ಹೋಗಿದೆ, ಒಳಗೆ ಎಷ್ಟು ಬಟ್ಟೆ ಬಿಟ್ಟಿದೆ ಎಂಬುದು ತೊಡುವವಳಿಗೇ ಗೊತ್ತಿದ್ದರೆ ಆ ರವಿಕೆ ಮದುವೆಯ ನಂತರವೂ ಬಳಕೆಯಲ್ಲಿ ಉಳಿಯುತ್ತದೆ. ಗೊತ್ತಿಲ್ಲದಿದ್ದರೆ, ಅದು ಎಷ್ಟೇ ಬೆಲೆಯದಾಗಿರಲಿ, ಸಾಮಾನ್ಯವಾಗಿ ಆ ಒಂದು ದಿನಕ್ಕೆ ಮುಗಿಯುತ್ತದೆ.

ಸೀರೆಯ ಆಯುಷ್ಯವನ್ನೂ ರವಿಕೆಯ ಆಯುಷ್ಯವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕತ್ತರಿ ಬೀಳದ ಐದೂವರೆ ಮೀಟರ್ ಬಟ್ಟೆ ಯಾರ ಮೈಗಾದರೂ ಹೊಂದುತ್ತದೆ. ತೆಳ್ಳಗಿದ್ದರೆ ಎರಡು ನೆರಿಗೆ ಹೆಚ್ಚು, ದಪ್ಪಗಿದ್ದರೆ ಎರಡು ಕಡಿಮೆ. 1942ರ ಮಾರ್ಚ್ 26ರಂದು ಅಲಹಾಬಾದಿನಲ್ಲಿ ಇಂದಿರಾ ಅವರು ಮದುವೆಗೆ ಉಟ್ಟ ಗುಲಾಬಿ ಬಣ್ಣದ ಖಾದಿ ಸೀರೆಯ ನೂಲನ್ನು ಅವರ ತಂದೆ ಜವಾಹರಲಾಲ್ ನೆಹರೂ ಸೆರೆಮನೆಯಲ್ಲಿದ್ದಾಗ ನೂತಿದ್ದರು. 26 ವರ್ಷಗಳ ಮೇಲೆ, 1968ರಲ್ಲಿ, ಅದೇ ಸೀರೆಯನ್ನು ಸೋನಿಯಾ ಅವರು ತಮ್ಮ ಮದುವೆಗೆ ಉಟ್ಟರು. ಬೇರೆ ದೇಶದಲ್ಲಿ ಹುಟ್ಟಿ ಬಂದ ಸೊಸೆಗೂ ಅದನ್ನು ಉಡಲು ಯಾವ ತೊಡಕೂ ಆಗಲಿಲ್ಲ. ರವಿಕೆಗೆ ಆ ಭಾಗ್ಯವಿಲ್ಲ. ಅದು ಒಂದು ದಿನದ, ಒಂದು ಮೈಯ ಅಳತೆಗೆ ಕತ್ತರಿಸಿದ್ದು. ಮದುವೆಯಾಗಿ ಎರಡು ಮೂರು ವರ್ಷಗಳಲ್ಲಿ ಮೈ ಬದಲಾಗುತ್ತದೆ. ಬಸಿರು ಬಾಣಂತನ ಇರಲಿ, ಊರು ಬದಲಾಗಿ ಊಟ ಬದಲಾದರೂ ಸಾಕು. ಬೀರುವಿನಲ್ಲಿ ಸೀರೆ ಇದ್ದ ಹಾಗೇ ಇರುತ್ತದೆ, ಅದರ ಜೋಡಿ ರವಿಕೆ ತೋಳಿಗೆ ಏರುವುದಿಲ್ಲ. ಅದೇ ಬಣ್ಣದ, ಅದೇ ಅಂಚಿನ ಬಟ್ಟೆ ಮತ್ತೆಲ್ಲೂ ಸಿಕ್ಕುವುದಿಲ್ಲವಾದ್ದರಿಂದ ಸೀರೆಯನ್ನು ಉಡುವುದೂ ನಿಲ್ಲುತ್ತದೆ. ಧಾರೆ ಸೀರೆ ಮಡಿಕೆಯಲ್ಲೇ ಉಳಿದು ಜರಿ ಕಪ್ಪಾಗುವುದಕ್ಕೆ ಎಷ್ಟೋ ಮನೆಗಳಲ್ಲಿ ಕಾರಣ ಅದರ ರವಿಕೆ. ಸಾವಿರಾರು ರೂಪಾಯಿಯ ರೇಷ್ಮೆಯನ್ನು ಮುಕ್ಕಾಲು ಮೀಟರ್ ಬಟ್ಟೆ ಕಟ್ಟಿಹಾಕಿರುತ್ತದೆ.

ಇದಕ್ಕೆ ಪರಿಹಾರ ಹೊಲಿಗೆಯ ಒಳಗೇ ಇದೆ. ಮುಂಭಾಗ, ಹಿಂಭಾಗ ಎರಡಕ್ಕೂ ಎರಡೂ ಪಕ್ಕದಲ್ಲಿ ಒಂದೂವರೆ ಇಂಚು ಬಟ್ಟೆಯನ್ನು ಒಳಗೆ ಬಿಟ್ಟು ಹೊಲಿದರೆ, ಮುಂದೊಮ್ಮೆ ಬಿಚ್ಚುವಾಗ ಅಂಚಿಗೆ ಅರ್ಧರ್ಧ ಇಂಚು ಉಳಿಸಿಕೊಂಡರೂ ಎದೆಯ ಸುತ್ತಳತೆ ನಾಲ್ಕು ಇಂಚು ಹಿಗ್ಗುತ್ತದೆ. ತೋಳಿನ ಒಳಹೊಲಿಗೆಗೂ ಇದೇ ಲೆಕ್ಕ. ಹಳೆಯ ಕಾಲದ ಟೇಲರುಗಳು ಪಕ್ಕದಲ್ಲಿ ಎರಡು ಮೂರು ಸಾಲು ಹೊಲಿಗೆ ಹಾಕಿ ಕೊಡುತ್ತಿದ್ದುದು, ಬೇಕಾದಾಗ ಒಂದೊಂದೇ ಸಾಲು ಬಿಚ್ಚಿಕೊಳ್ಳಲಿ ಎಂದೇ. ರೇಷ್ಮೆಯಲ್ಲಿ ಹೊಲಿಗೆ ಬಿಚ್ಚಿದ ಕಡೆ ಸೂಜಿಯ ತೂತುಗಳ ಗೆರೆ ಉಳಿಯುತ್ತದೆ ಎಂದು ತಿಳಿದವರು ಹೇಳಿಯಾರು. ಉಳಿಯುತ್ತದೆ. ಆದರೆ ತೆಳುವಾದ ಸೂಜಿ ಬಳಸಿದ್ದರೆ ಆ ಗೆರೆ ಸಣ್ಣದು. ಅದು ಬರುವ ಜಾಗವೋ ಎಡಗಡೆ ಸೆರಗಿನ ಕೆಳಗೆ, ಬಲಗಡೆ ತೋಳಿನ ಮರೆಯಲ್ಲಿ. ಗುಳೇದಗುಡ್ಡದ ಖಣದಲ್ಲಿ ಹೊಲಿಯುತ್ತಿದ್ದ, ಮುಂದೆ ಗಂಟು ಹಾಕಿಕೊಳ್ಳುವ ಕುಪ್ಪಸವಂತೂ ಈ ಸಮಸ್ಯೆಯನ್ನು ಇನ್ನೂ ಸುಲಭವಾಗಿ ಬಿಡಿಸಿತ್ತು. ಹುಕ್ಕಿನ ಸಾಲು ಒಂದೇ ಅಳತೆಗೆ ಕೂರುತ್ತದೆ, ಗಂಟನ್ನು ಬಿಗಿ ಮಾಡಬಹುದು, ಸಡಿಲ ಬಿಡಬಹುದು. ಬಾಣಂತಿಗೂ ಅದೇ ಕುಪ್ಪಸ ನಡೆಯುತ್ತಿತ್ತು.

ಇಂದಿನ ಮದುವೆಯ ಬ್ಲೌಸು ಈ ದಾರಿಯನ್ನು ಮೊದಲೇ ಮುಚ್ಚಿಬಿಡುತ್ತದೆ. ಮಗ್ಗಂ ವರ್ಕ್, ಆರಿ ವರ್ಕ್ ಎಂದು ನಾವು ಕರೆಯುವ ಕೆಲಸ ನಡೆಯುವುದು ಹೊಲಿಗೆಗೆ ಮೊದಲು. ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಕತ್ತಿನ ಆಕಾರ, ಬೆನ್ನಿನ ಆಳ, ತೋಳಿನ ಅಂಚು ಎಲ್ಲವನ್ನೂ ಅಳತೆಗೆ ತಕ್ಕಂತೆ ಗೆರೆ ಎಳೆದು, ಆ ಗೆರೆಯ ಮೇಲೆ ಮಣಿ, ಜರ್ದೋಸಿ, ಕುಂದಣ ಕೂರಿಸುತ್ತಾರೆ. ಅಲ್ಲಿಗೆ ಆ ಗೆರೆ ಕಲ್ಲಿನ ಮೇಲೆ ಕೊರೆದಂತೆ. ಆಮೇಲೆ ಕತ್ತು ಅರ್ಧ ಇಂಚು ಸರಿಯುವ ಹಾಗಿಲ್ಲ. ಪ್ರಿನ್ಸೆಸ್ ಕಟ್ ಮಾಡಿದರೆ ಜೋಡಣೆ ಎದೆಯ ಮೇಲೇ ಹಾದುಹೋಗುತ್ತದೆ, ಅಲ್ಲಿ ಹೆಚ್ಚುವರಿ ಬಟ್ಟೆ ಬಿಟ್ಟರೆ ಹೊರಗೆ ಉಬ್ಬಿ ಕಾಣುವುದರಿಂದ ಬಿಡುವುದಿಲ್ಲ. ಒಳಗೆ ಪ್ಯಾಡು, ಕತ್ತಿಗೆ ಕ್ಯಾನ್ವಾಸು, ಬೆನ್ನಿಗೆ ಲಾಡಿ. ಎಲ್ಲವೂ ಕ್ಯಾಮೆರಾದ ಮುಂದೆ ಒಂದು ಸುಕ್ಕೂ ಬೀಳದಿರಲಿ ಎಂದು. ಟೇಲರುಗಳನ್ನು ದೂರಿ ಫಲವಿಲ್ಲ. ಆ ದಿನ ಚೆನ್ನಾಗಿ ಕಾಣುವ ಬ್ಲೌಸು ಬೇಕು ಎಂದು ನಾವು ಕೇಳುತ್ತೇವೆ, ಅವರು ಕೊಡುತ್ತಾರೆ. ಹತ್ತು ವರ್ಷ ತೊಡುವ ಯೋಚನೆ ಮಾಡಬೇಕಾದವಳು ತೊಡುವವಳು.

ಹಾಗಾದರೆ ಟೇಲರಿಗೇ ಒಳಗೆ ಹೆಚ್ಚು ಬಟ್ಟೆ ಬಿಡಿ ಎಂದರೆ ಆಯಿತಲ್ಲ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಹಾಗೆ ಹೇಳುವುದರಲ್ಲಿ ತಪ್ಪಿಲ್ಲ, ಮನೆಯಲ್ಲಿ ಹೊಲಿಯಲು ಸಾಧ್ಯವೇ ಇಲ್ಲದವರು ಅಷ್ಟನ್ನಾದರೂ ಹೇಳಿ. ಆದರೆ ಒಳಗೆ ಬಿಟ್ಟ ಬಟ್ಟೆ ಉಪಯೋಗಕ್ಕೆ ಬರುವುದು ಅದನ್ನು ಬಿಚ್ಚಿ ಮತ್ತೆ ಹೊಲಿಯಬಲ್ಲ ಕೈ ಮನೆಯಲ್ಲಿದ್ದರೆ. ಇಲ್ಲದಿದ್ದರೆ 'ಒಮ್ಮೆ ಆಲ್ಟರ್ ಮಾಡಿಸಬೇಕು' ಎಂದು ಪ್ಲಾಸ್ಟಿಕ್ ಚೀಲಕ್ಕೆ ಸೇರಿದ ಬ್ಲೌಸು ಬಾಗಿಲ ಹಿಂದಿನ ಮೊಳೆಯಲ್ಲಿ ವರ್ಷಗಟ್ಟಲೆ ನೇತಾಡುತ್ತದೆ. ಅಳತೆಯ ವಿಷಯವೂ ಇದೆ. ಅಳತೆ ಬ್ಲೌಸು ಕೊಟ್ಟರೆ ಅದರಲ್ಲಿದ್ದ ತಪ್ಪುಗಳು ಹೊಸದಕ್ಕೂ ಬರುತ್ತವೆ; ಹಳೆಯದರಲ್ಲಿ ಭುಜ ಜಾರುತ್ತಿದ್ದರೆ ಹೊಸದರಲ್ಲೂ ಜಾರುತ್ತದೆ. ಅನೇಕರ ಎರಡು ಭುಜಗಳ ಇಳಿಜಾರು ಒಂದೇ ಸಮ ಇರುವುದಿಲ್ಲ, ಆದರೂ ಕಾಗದ ಮಡಚಿ ಕತ್ತರಿಸಿದ ಮಾದರಿ ಎರಡನ್ನೂ ಸಮ ಎಂದೇ ಎಣಿಸುತ್ತದೆ. ಅಂಗಡಿಯಲ್ಲಿ ಅಳತೆ ಒಂದು ಸಲ, ಟ್ರಯಲ್ ಹೆಚ್ಚೆಂದರೆ ಒಂದು ಸಲ, ಅದೂ ಮುಹೂರ್ತಕ್ಕೆ ಎರಡು ದಿನ ಇರುವಾಗ, ಸೀಸನ್ನಿನ ಗದ್ದಲದಲ್ಲಿ. ಮನೆಯಲ್ಲಾದರೆ ತೊಟ್ಟು, ಕೈ ಎತ್ತಿ, ಕುಳಿತು, ಬಗ್ಗಿ ನೋಡಿ, ಬಿಚ್ಚಿ, ಮತ್ತೆ ತೊಟ್ಟು ನೋಡಬಹುದು. ಧಾರೆಯ ದಿನ ವಧು ಗಂಟೆಗಟ್ಟಲೆ ನೆಲದ ಮೇಲೆ ಕೂರುತ್ತಾಳೆ, ಹೋಮಕ್ಕೆ ಬಗ್ಗುತ್ತಾಳೆ, ಜೀರಿಗೆ ಬೆಲ್ಲ ಹಾಕಲು ಕೈ ಮೇಲೆತ್ತುತ್ತಾಳೆ. ಟ್ರಯಲ್ ಕೋಣೆಯ ಕನ್ನಡಿಯ ಮುಂದೆ ನೆಟ್ಟಗೆ ನಿಂತು ನೋಡಿದ ಬ್ಲೌಸಿಗೆ ಇದ್ಯಾವುದೂ ಗೊತ್ತಿರುವುದಿಲ್ಲ.

ಮದುವೆಯ ಉಡುಪನ್ನು ತಾನೇ ಹೊಲಿದುಕೊಳ್ಳುವುದು ಎಲ್ಲಿಂದಲೋ ಬಂದ ಶೋಕಿ ಎಂದೂ ಭಾವಿಸಬೇಡಿ. ನಮ್ಮ ತಾಂಡಾಗಳಲ್ಲಿ ಲಂಬಾಣಿ ಹೆಣ್ಣುಮಕ್ಕಳ ಫೇಟಿಯಾ ಎಂಬ ಲಂಗ, ಬೆನ್ನಿಗೆ ದಾರ ಕಟ್ಟುವ ಕಾಂಚಳಿ, ತಲೆಯ ಮೇಲಿನ ಸೆರಗು, ಇವನ್ನೆಲ್ಲ ಕನ್ನಡಿ, ಕವಡೆ, ನಾಣ್ಯ ಕೂರಿಸಿ ಹೊಲಿಯುತ್ತ ಬಂದವರು ತಾಯಂದಿರು ಮತ್ತು ಮದುವೆಯಾಗಲಿರುವ ಹುಡುಗಿಯರೇ. ಸಂಡೂರಿನ ಲಂಬಾಣಿ ಕಸೂತಿಗೆ ಇಂದು ಭೌಗೋಳಿಕ ಸೂಚಕದ ಮಾನ್ಯತೆ ಇದೆ; ಆ ಕೆಲಸ ಹುಟ್ಟಿದ್ದು ಮಾರಾಟಕ್ಕಲ್ಲ, ತೊಡುವುದಕ್ಕೆ. ಧಾರವಾಡದ ಕಡೆ ಮದುವೆಯ ಹೆಣ್ಣಿಗೆ ಕೊಡುವ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಕಸೂತಿ ಬಿಡಿಸುತ್ತಿದ್ದವರೂ ಮನೆಯ ಹೆಂಗಸರು. ಬಟ್ಟೆಯ ಎಳೆ ಎಣಿಸಿ ಹಾಕುವ ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಗಂಟು ಹಾಕುವಂತಿಲ್ಲ, ಬಟ್ಟೆಯ ಎರಡೂ ಮೈ ಒಂದೇ ಸಮ ಕಾಣಬೇಕು. ಅಂಥ ಲೆಕ್ಕಾಚಾರದ ಕೆಲಸವನ್ನು ಅಡುಗೆ ಮುಗಿಸಿ ಪಡಸಾಲೆಯಲ್ಲಿ ಕುಳಿತು ಮಾಡುತ್ತಿದ್ದವರಿಗೆ ಹೋಲಿಸಿದರೆ ನಾಲ್ಕು ಟಕ್ಸಿನ ಒಂದು ಸಾದಾ ರವಿಕೆ ದೊಡ್ಡ ಮಾತಲ್ಲ. ಕುಪ್ಪಸ ನಮ್ಮಲ್ಲಿ ಹಳೆಯದು, ಆದರೆ ನಾವಿಂದು ಸಂಪ್ರದಾಯ ಎಂದು ಕಣ್ಣಿಗೊತ್ತಿಕೊಳ್ಳುವ, ಸೀರೆಗೆ ಜೋಡಿಯಾದ ಬ್ಲೌಸಿನ ಪೂರ್ತಿ ಸೆಟ್ಟು ಅಷ್ಟು ಹಳೆಯದಲ್ಲ. ಅದನ್ನು ಬಳಕೆಗೆ ತಂದವರಲ್ಲಿ ಜ್ಞಾನದಾನಂದಿನಿ ದೇವಿಯ ಹೆಸರು ಮುಖ್ಯ. ಐಸಿಎಸ್ ಅಧಿಕಾರಿ ಸತ್ಯೇಂದ್ರನಾಥ ಟ್ಯಾಗೋರರ ಈ ಪತ್ನಿ ಮುಂಬಯಿಯಲ್ಲಿ ಪಾರ್ಸಿ ಹೆಂಗಸರ ಉಡುಗೆ ನೋಡಿ ತನಗೊಂದು ರೀತಿ ರೂಪಿಸಿಕೊಂಡರು. ಬಂಗಾಳದಲ್ಲಿ ಅದನ್ನು ಇತರ ಹೆಂಗಸರಿಗೆ ಕಲಿಸಿಕೊಡುತ್ತೇನೆ ಎಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಹೆಂಗಸರು ಹೆಂಗಸರಿಗೆ ಹೇಳಿಕೊಟ್ಟು ಹರಡಿದ ಉಡುಪು ಇದು. ಕಲಿಯಲಾಗದ ವಿದ್ಯೆಯಾಗಿದ್ದರೆ ಅದು ಊರೂರಿಗೆ ಹಬ್ಬುತ್ತಿರಲಿಲ್ಲ.

ಈಗ ಭಯದ ಮಾತು. ಧಾರೆ ಸೀರೆಯ ಬಟ್ಟೆಗೆ ಕತ್ತರಿ ಹಾಕಿ ಹಾಳಾದರೆ ಗತಿಯೇನು? ಆ ಬಟ್ಟೆ ಮತ್ತೆ ಸಿಗುವುದಿಲ್ಲ ಎಂದು ನಾನೇ ಮೇಲೆ ಬರೆದಿದ್ದೇನೆ. ಅದಕ್ಕೇ ಮೊದಲ ಕತ್ತರಿ ಅದರ ಮೇಲೆ ಬೀಳಬಾರದು. ನಮ್ಮ ನಾಡಿನ ಹೆಣ್ಣುಮಕ್ಕಳಿಗೆ ಅಭ್ಯಾಸದ ಬಟ್ಟೆಯ ಕೊರತೆ ಮಾತ್ರ ಎಂದೂ ಬಾರದು. ಅರಿಶಿನ ಕುಂಕುಮಕ್ಕೆ, ಬಾಗಿನಕ್ಕೆ, ಉಡಿ ತುಂಬುವುದಕ್ಕೆ, ಗೃಹಪ್ರವೇಶಕ್ಕೆ ಎಂದು ಬಂದ ಬ್ಲೌಸ್ ಪೀಸುಗಳು, ಖಣಗಳು ಪ್ರತಿ ಮನೆಯ ಬೀರುವಿನಲ್ಲೂ ಅಟ್ಟಿಯಾಗಿ ಬಿದ್ದಿವೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಸುತ್ತುವುದೇ ಅವುಗಳ ಕೆಲಸವಾಗಿದೆ. ಕೆಲವು ಕೊಟ್ಟವರ ಕೈಗೇ ಮರಳಿ ಬರುತ್ತವೆ. ಅವುಗಳಲ್ಲಿ ಮೂರನ್ನು ಈ ಸುತ್ತಾಟದಿಂದ ಬಿಡಿಸಿ. ಮೊದಲನೆಯದರಲ್ಲಿ ಆಕಾರ ಬಂದರೆ ಸಾಕು, ಎರಡನೆಯದರಲ್ಲಿ ಬಗಲಿನ ಸುಕ್ಕು ಹೋಗಲಿ, ಮೂರನೆಯದನ್ನು ಹೊರಗೆ ತೊಟ್ಟು ಹೋಗುವಂತಿರಲಿ. ಅದನ್ನು ಬಿಚ್ಚಿ, ಇಸ್ತ್ರಿ ಮಾಡಿ, ಅದೇ ತುಂಡುಗಳನ್ನು ರೇಷ್ಮೆಯ ಮೇಲಿಟ್ಟು ಗೆರೆ ಎಳೆದರೆ ಅಳತೆಯಲ್ಲಿ ಅನುಮಾನ ಉಳಿಯುವುದಿಲ್ಲ. ಇನ್ನು ರೇಷ್ಮೆಗೆ ಬೇಕಾದ ಎಚ್ಚರಗಳು ಕೆಲವೇ. ಹತ್ತಿಯ ಲೈನಿಂಗನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ ಒಣಗಿಸಿಯೇ ಕತ್ತರಿಸಬೇಕು. ಇಲ್ಲದಿದ್ದರೆ ಆಮೇಲೆ ಅದು ಕುಗ್ಗಿ, ಮೇಲಿನ ರೇಷ್ಮೆ ಸುಕ್ಕುಗಟ್ಟುತ್ತದೆ. ಯಂತ್ರಕ್ಕೆ 11ನೇ ನಂಬರಿನ ಹೊಸ ಸೂಜಿ ಹಾಕಿ; ದಿನಬಳಕೆಯ 16ರ ಸೂಜಿ ರೇಷ್ಮೆಗೆ ದಪ್ಪ. ಗುಂಡುಪಿನ್ನನ್ನು ಹೊಲಿಗೆಯ ಹೊರಗಿನ ಅಂಚಿನಲ್ಲಿ ಮಾತ್ರ ಚುಚ್ಚಿ. ಜರಿಯ ಮೇಲೆ ಇಸ್ತ್ರಿ ಪೆಟ್ಟಿಗೆಯನ್ನು ನೇರ ಇಡಬೇಡಿ, ತೆಳು ಬಟ್ಟೆ ಹಾಸಿಕೊಳ್ಳಿ. ಬೆನ್ನಿನ ಅಳತೆಗೆ ಮಾತ್ರ ಇನ್ನೊಬ್ಬರ ಕೈ ಬೇಕು, ತನ್ನ ಬೆನ್ನನ್ನು ತಾನೇ ಸರಿಯಾಗಿ ಅಳೆದುಕೊಳ್ಳುವುದು ಆಗದ ಕೆಲಸ. ಮನೆಯಲ್ಲಿ ಯಂತ್ರವಿಲ್ಲ ಎನ್ನುವವರಿಗೆ: ಅಜ್ಜಿಯ ಕಾಲದ ಕಾಲ್ತುಳಿತದ ಯಂತ್ರ ಬಳಗದ ಯಾವುದಾದರೂ ಮನೆಯಲ್ಲಿ, ಮೇಲೊಂದು ಬಟ್ಟೆ ಹಾಸಿಕೊಂಡು ಟಿವಿಯನ್ನೋ ಹೂದಾನಿಯನ್ನೋ ಹೊತ್ತು ನಿಂತಿರುತ್ತದೆ. ಎಣ್ಣೆ ಬಿಟ್ಟು ಬೆಲ್ಟು ಬದಲಿಸಿದರೆ ನೇರ ಹೊಲಿಗೆಗೆ ಅದಕ್ಕಿಂತ ನಂಬುಗೆಯ ಯಂತ್ರವಿಲ್ಲ.

ಎಲ್ಲರೂ ಹೀಗೆ ಮನೆಯಲ್ಲೇ ಹೊಲಿಯತೊಡಗಿದರೆ ಟೇಲರುಗಳ ಹೊಟ್ಟೆಪಾಡೇನು ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣಲಾರೆ. ಬ್ಲೌಸು ಹೊಲಿಯುವವರಲ್ಲಿ ಹೆಚ್ಚಿನವರು ದೊಡ್ಡ ಬೊಟೀಕಿನವರಲ್ಲ; ಮನೆಯ ಮುಂಗೋಣೆಯಲ್ಲಿ ಯಂತ್ರ ಇಟ್ಟುಕೊಂಡು ಮಕ್ಕಳ ಶಾಲೆಯ ಫೀಸು ಕಟ್ಟುವ ಹೆಂಗಸರು. ಆದರೆ ನಾನು ಕೇಳುತ್ತಿರುವುದು ಒಂದು ರವಿಕೆ. ಮದುವೆಯ ಸಾಲಿಗೆ ಬೇಕಾಗುವ ಉಳಿದ ಹತ್ತಾರು ಬ್ಲೌಸುಗಳು, ಬೀಗಿತ್ತಿಯರಿಗೆ ಕೊಡುವವು, ಆರತಕ್ಷತೆಯದು, ಎಲ್ಲ ಅವರ ಬಳಿಗೇ ಹೋಗಲಿ. ಈ ಒಂದನ್ನು ಕಲಿಯುವುದಕ್ಕೂ ಅವರ ಬಳಿಗೇ ಹೋಗಿ. ಆಷಾಢದಲ್ಲಿ ಮದುವೆಗಳಿಲ್ಲ, ವೈಶಾಖದಲ್ಲಿ ತಲೆ ಎತ್ತಲು ಪುರಸೊತ್ತಿಲ್ಲದ ಟೇಲರಿಗೆ ಆ ತಿಂಗಳು ಕೈ ಖಾಲಿ. ಒಂದು ಮದುವೆಯ ಬ್ಲೌಸಿಗೆ ಕೊಡುವ ಹೊಲಿಗೆ ಕೂಲಿಯನ್ನೇ ಕಲಿಕೆಯ ಶುಲ್ಕವಾಗಿ ಕೊಟ್ಟು, ಕಟಿಂಗ್ ಹೇಗೆ, ಟಕ್ಸ್ ಎಲ್ಲಿ ನಿಲ್ಲಬೇಕು, ತೋಳು ಕೂಡಿಸುವಾಗ ಎಲ್ಲಿ ಸ್ವಲ್ಪ ಸಡಿಲ ಬಿಡಬೇಕು ಎಂದು ಹೇಳಿಸಿಕೊಳ್ಳಿ. ಅವರ ಕಸುಬಿನಲ್ಲಿ ಎಷ್ಟು ಲೆಕ್ಕ ಇದೆ ಎಂದು ಬಲ್ಲ ಗಿರಾಕಿ ಮುಂದೆ ಕೂಲಿಯಲ್ಲಿ ಚೌಕಾಶಿ ಮಾಡುವುದೂ ಕಡಿಮೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಹೆಣ್ಣು ನೋಡಲು ಬಂದವರು 'ಹಾಡು ಬರುತ್ತಾ, ಅಡುಗೆ ಬರುತ್ತಾ, ಹೊಲಿಗೆ ಬರುತ್ತಾ' ಎಂದು ಕೇಳುತ್ತಿದ್ದ ಕಾಲದಿಂದ ನಿಮ್ಮ ತಾಯಂದಿರು ಕಷ್ಟಪಟ್ಟು ನಿಮ್ಮನ್ನು ಹೊರಗೆ ತಂದಿದ್ದಾರೆ. ಈಗ ಮತ್ತೆ ಸೂಜಿ ಹಿಡಿಯಿರಿ ಎಂದರೆ? ಗಂಡಿನ ಕಡೆಯವರು ಈ ಪತ್ರ ಓದಿ 'ನಮ್ಮ ಸೊಸೆ ತಾನೇ ಹೊಲಿದುಕೊಳ್ಳಲಿ' ಎಂದು ಷರತ್ತು ಹಾಕಿದರೆ ದಯವಿಟ್ಟು ಹೊಲಿಯಬೇಡಿ. ಸಾಧ್ಯವಾದರೆ ಆ ಸಂಬಂಧವನ್ನೇ ಇನ್ನೊಮ್ಮೆ ಯೋಚಿಸಿ. ಯೋಗ್ಯತೆ ತೋರಿಸಲು ಹೊಲಿಯುವುದು ಬೇರೆ, ತನ್ನ ಬಟ್ಟೆ ತನ್ನ ಕೈಯಲ್ಲಿರಲಿ ಎಂದು ಹೊಲಿಯುವುದು ಬೇರೆ. ಸೂಜಿ ಹೆಣ್ಣಿನದು ಎಂಬ ಮಾತಿಗೂ ನಮ್ಮ ಪರಂಪರೆಯ ಬೆಂಬಲವಿಲ್ಲ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವರಿದ್ದರು. ಹೊಲಿಗೆಯೇ ಅವರ ಕಾಯಕ, ಅದೇ ಅವರ ಹೆಸರಿಗೂ ಬಂತು. ಮೇಲೆ ಹೇಳಿದ ಇಂದಿರಾ ಅವರ ಮದುವೆ ಸೀರೆಗೆ ನೂಲು ತೆಗೆದವರೂ ಅವರ ತಂದೆಯೇ. ಹಾಗಾಗಿ ಮದುಮಗನೂ ತನ್ನ ಜುಬ್ಬಾವನ್ನು ಹೊಲಿದುಕೊಳ್ಳಲಿ, ಬೇಡವೆಂದವರು ಯಾರು? ಜುಬ್ಬಾ ರವಿಕೆಗಿಂತ ಸುಲಭ, ಟಕ್ಸೇ ಇಲ್ಲ. ಇನ್ನು ಹೊಲಿಗೆಯೇ ದುಡಿಮೆಯಾದವರನ್ನು ನೋಡಿ: ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಲಕ್ಷಾಂತರ ಹೆಣ್ಣುಮಕ್ಕಳು ದಿನವಿಡೀ ಹೊಲಿಯುತ್ತಾರೆ. ಒಬ್ಬಳು ಕಾಲರ್, ಒಬ್ಬಳು ಕಫ್, ಇನ್ನೊಬ್ಬಳು ಬರೀ ಗುಂಡಿ. ಇಡೀ ಅಂಗಿ ಒಂದೇ ಕೈಯಲ್ಲಿ ಆಗುವುದೇ ಇಲ್ಲ. ಈ ಪತ್ರ ಓದುತ್ತಿರುವವರಲ್ಲಿ ಅವರೂ ಇರಬಹುದು. ಉಳಿದವರಿಗಿಂತ ಅವರ ಕೈ ಎಷ್ಟೋ ಪಳಗಿದೆ. ಮೊದಲಿನಿಂದ ಕೊನೆಯವರೆಗೆ ಪೂರ್ತಿ ತನ್ನದೇ ಆದ ಒಂದು ಉಡುಪನ್ನು ಹೊಲಿಯುವ ಹಕ್ಕು ಮೊದಲು ಸಲ್ಲಬೇಕಾದದ್ದು ಅವರಿಗೆ.

ಫೋಟೋದಲ್ಲಿ ಸಾದಾ ಕಾಣುತ್ತದೆ ಎಂಬ ಅಳುಕಿಗೆ ನನ್ನ ಉತ್ತರ ಚಿಕ್ಕದು. ಒಳ್ಳೆಯ ಸೀರೆಯ ರವಿಕೆ ಬಟ್ಟೆಯಲ್ಲಿ ನೇಕಾರ ಅಂಚನ್ನು ಕೂಡಿಸಿಯೇ ಕಳಿಸಿರುತ್ತಾನೆ. ಆ ಅಂಚು ತೋಳಿನ ತುದಿಗೆ ನೇರವಾಗಿ ಕೂತರೆ ಅದರ ಮೇಲೆ ಮಣಿ ಸುರಿಯುವುದು ಅವನ ಕೆಲಸವನ್ನು ಮುಚ್ಚಿದಂತೆ. ಧಾರೆಯ ಹೊತ್ತಿಗೆ ಮೈಮೇಲೆ ಸೆರಗು, ಹಾರ, ಒಡವೆ, ಕೈತುಂಬ ಹಸಿರು ಬಳೆ ಇರುವಾಗ ಬೆನ್ನಿನ ಮೇಲಿನ ನವಿಲು ಕಾಣುವುದು ಮೊಗ್ಗಿನ ಜಡೆ ಒಂಚೂರು ಪಕ್ಕಕ್ಕೆ ಸರಿದಾಗ ಮಾತ್ರ. ಆ ಮಿಂಚು ಬೇಕೇಬೇಕು ಎನ್ನುವವರು ಆರತಕ್ಷತೆಗೆ ಇಟ್ಟುಕೊಳ್ಳಿ. ಅಲ್ಲಿ ನಿಂತೇ ಇರುತ್ತೀರಿ, ಬಗ್ಗುವುದಿಲ್ಲ.

ಎಲ್ಲವನ್ನೂ ಮನೆಯಲ್ಲೇ ಹೊಲಿಯಬಹುದು ಎಂದು ನಾನು ಹೇಳುವುದಿಲ್ಲ. ಕರಾವಳಿಯ ಕ್ರೈಸ್ತ ವಧುಗಳ ಬಿಳಿ ಗೌನು ಹೊಸ ಕೈಗೆ ತಕ್ಕುದಲ್ಲ. ಜಾರುವ ಸ್ಯಾಟಿನ್ನು, ಒಳಗಿನ ನೆಟ್ಟಿನ ಪದರಗಳು, ಮೈಗೆ ಹಿಡಿದಂತೆ ಕೂರಬೇಕಾದ ಮೇಲ್ಭಾಗ, ಅದಕ್ಕೆ ವರ್ಷಗಳ ಅಭ್ಯಾಸ ಬೇಕು. ಅವರು ಮರುದಿನ ಉಡುವ ಸೀರೆಯ ರವಿಕೆಯಿಂದ ಶುರುಮಾಡಲಿ. ಲೆಹೆಂಗಾ ಕೂಡ ಹಾಗೆಯೇ. ಮುಹೂರ್ತಕ್ಕೆ ಒಂದೇ ತಿಂಗಳು ಉಳಿದಿರುವವರಿಗೂ ಈ ಪತ್ರ ತಡವಾಯಿತು, ಅವರು ಟೇಲರ್ ಬ್ಲೌಸಿನ ಪಕ್ಕದ ಹೊಲಿಗೆಯನ್ನಾದರೂ ಬಿಚ್ಚಿ ಹಾಕುವುದನ್ನು ಕಲಿಯಲಿ. ಉಳಿದ ನೀವೆಲ್ಲ ಮೂರು ತಿಂಗಳು ಮುಂಚೆ ಶುರುಮಾಡಿ. ಅಳತೆ ಬ್ಲೌಸನ್ನು ಯಾರಿಗೂ ಕೊಡಬೇಡಿ, ಟೇಪು ಹಿಡಿದು ಹೊಸದಾಗಿ ಅಳೆಯಿರಿ. ಈ ವಾರವೇ ಬೀರು ತೆಗೆದು, ಸುತ್ತಾಟದಲ್ಲಿರುವ ಬ್ಲೌಸ್ ಪೀಸುಗಳಲ್ಲಿ ನಿಮಗೆ ಅತಿ ಕಡಿಮೆ ಇಷ್ಟವಾದುದನ್ನು ಆರಿಸಿ ಅದರ ಮೇಲೆ ಮೊದಲ ಗೆರೆ ಎಳೆಯಿರಿ; ಪಕ್ಕಕ್ಕೆ ಒಂದೂವರೆ ಇಂಚು ಬಿಡುವುದನ್ನು ಮಾತ್ರ ಆ ಮೊದಲ ರವಿಕೆಯಿಂದಲೇ ರೂಢಿ ಮಾಡಿಕೊಳ್ಳಿ.